ಆರೋಗ್ಯ ಚಿಂತನ: ಹೊಟ್ಟೆನೋವು ಯಾರಿಗೆ ಬಂದಿದೆ?

ಹೊಟ್ಟೆನೋವು ಬಾರದ ಮನೆಯಿಲ್ಲ. ಅಜವಾನ ಅಗಿದು ಬಿಸಿನೀರು ಕುಡಿದರೆ ಅದು ಶಮನವಾಗುವುದೂ ಉಂಟು. ಆದರೆ ಒಬ್ಬರಿಗೆ ಬರಿಯ ಅಜೀರ್ಣವಾಗಿರುವ ನೋವು ಇನ್ನೊಬ್ಬರಿಗೆ ಪ್ರಾಣಸಂಕಟದ ಮುನ್ಸೂಚನೆಯಾಗಿರಬಹುದು. ಆದುದರಿಂದ ನೋವು ಎಷ್ಟಿದೆ ಎಂಬುದರೊಡನೆ, ಅದು ಯಾರಿಗೆ ಬಂದಿದೆ ಎಂಬುದನ್ನೂ ಮನೆಯವರು ವಿಚಾರಿಸಬೇಕು.

ವಯೋವೃದ್ಧರಲ್ಲಿ ಹೊಟ್ಟೆಯೊಳಗೆ ಕೀವು ತುಂಬಿದ್ದರೂ ಜ್ವರ ಬಾರದಿರಬಹುದು. ಮಧುಮೇಹಿಗಳಲ್ಲಿ ನರಗಳು ದುರ್ಬಲಗೊಂಡು ನೋವಿನ ಅರಿವೇ ಕುಂದಿರಬಹುದು. ಇಂಥವರಿಗೆ ಮೇಲ್ಹೊಟ್ಟೆಯಲ್ಲಿ ಸಂಕಟವೆದ್ದು ಬೆವರು, ಏದುಸಿರು ಕಾಣಿಸಿದರೆ ಅದು ಹೃದಯಾಘಾತವೂ ಆಗಿರಬಹುದು. ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸುವುದು ಸರಿಯಲ್ಲ.

ಮೊಣಕಾಲು ನೋವಿಗೆಂದು ನಿತ್ಯ ಗುಳಿಗೆ ನುಂಗುವವರ ಜಠರದಲ್ಲಿ ಹುಣ್ಣಾಗಿ ರಕ್ತ ಒಸರಬಹುದು, ಹುಣ್ಣು ತೂತಾಗಲೂಬಹುದು. ಮಲ ಡಾಂಬರಿನಂತೆ ಕಪ್ಪಾಗುವುದು ಒಳರಕ್ತಸ್ರಾವದ ಗುರುತು. ಮದ್ಯಪಾನಿಗಳಲ್ಲಿ ಬೆನ್ನಿಗೆ ಹಾಯುವ ಮೇಲ್ಹೊಟ್ಟೆಯ ನೋವು ಮೇದೋಜೀರಕ ಗ್ರಂಥಿಯ ಊತವಿರಬಹುದು. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರ ಕರುಳು ಅಂಟಿಕೊಂಡು ದಾರಿ ಕಟ್ಟಬಹುದು. ಆಗ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವಾಯುಗಳು ನಿಂತುಹೋಗುತ್ತವೆ.

ಇನ್ನು ಮನೆಯ ಹೆಣ್ಣುಮಕ್ಕಳ ವಿಷಯ. ರೊಟ್ಟಿ ಬಡಿದು, ಎಲ್ಲರಿಗೂ ಉಣಬಡಿಸಿ, ಕೊನೆಗೆ ತಮ್ಮ ನೋವನ್ನು ಹೇಳುವವರೇ ಹೆಚ್ಚು. ಮುಟ್ಟು ತಡವಾದ ಸೊಸೆಗೆ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ತಲೆಸುತ್ತು ಬಂದರೆ ಗರ್ಭವು ನಾಳದಲ್ಲಿ ನಿಂತು ಒಡೆದಿರಬಹುದು. ಇಲ್ಲಿ ಒಂದೊಂದು ಗಳಿಗೆಯೂ ಅಮೂಲ್ಯ. ಅತ್ತೆಯಾದವರು ತಾವಾಗಿಯೇ ಕೇಳಿದರೆ ಸೊಸೆಯ ಸಂಕೋಚ ಕಳೆಯುತ್ತದೆ, ಜೀವವೂ ಉಳಿಯುತ್ತದೆ.

ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿಯುವ ನೋವು ಅಪೆಂಡಿಕ್ಸಿನದಾಗಿರಬಹುದು. ಆಗ ಬಟ್ಟಿ ಸರಿದಿದೆಯೆಂದು ಹೊಟ್ಟೆ ತಿಕ್ಕಿಸುವುದು, ಔಡಲೆಣ್ಣೆ ಕುಡಿಸುವುದು ಅಪಾಯಕರ. ಅದು ಒಳಗೇ ಒಡೆಯಬಹುದು.

ಹೊಟ್ಟೆ ಹಲಗೆಯಂತೆ ಬಿಗಿದರೆ, ರಕ್ತವಾಂತಿಯಾದರೆ, ಮೂರ್ಛೆ ಬಂದರೆ, ನೋವು ತಾಸಿನಿಂದ ತಾಸಿಗೆ ಏರುತ್ತಿದ್ದರೆ ಬೆಳಗಾಗಲೆಂದು ಕಾಯಬಾರದು. 2008ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುವ ವ್ಯವಸ್ಥೆಯಿದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ, ಜನರ ಬಾಯಲ್ಲಿ ಕಿಮ್ಸ್ ಎಂದೇ ಹೆಸರಾದುದು, ಇದೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಹೊರಡುವಾಗ ಸೇವಿಸುತ್ತಿರುವ ಗುಳಿಗೆಗಳು, ಹಳೆಯ ಚಿಕಿತ್ಸೆಯ ಕಾಗದಗಳು ಜೊತೆಗಿರಲಿ. ಸ್ತ್ರೀಯರಾದರೆ ಕೊನೆಯ ಮುಟ್ಟಿನ ದಿನಾಂಕವೂ ನೆನಪಿರಲಿ.

ಈ ಸಂಗತಿಗಳನ್ನು ಪ್ರತಿ ಮನೆಯ ಹಿರಿಯರೂ ಒಂದು ಹಾಳೆಯಲ್ಲಿ ಬರೆದು ದೇವರ ಕೋಣೆಯ ಬಳಿಯೋ ಅಡುಗೆಮನೆಯ ಗೋಡೆಗೋ ಅಂಟಿಸಿದರೆ ಮನೆಮಂದಿಗೆಲ್ಲ ಉಪಕಾರವಾದೀತು.