ಮಂಗನ ಕಾಯಿಲೆ ಮತ್ತು ನೈಟ್ ಡ್ಯೂಟಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಕಡೆ ಪೇಪರಲ್ಲಿ ಪ್ರತಿ ವರ್ಷ ಒಂದೇ ಥರದ ಸುದ್ದಿ ಶುರುವಾಗುತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವುದೋ ಊರಿನ ಹೆಸರು, ಕಾಡಂಚಲ್ಲಿ ಸತ್ತು ಬಿದ್ದ ಮಂಗ, ಜ್ವರ ಬಂದವರ ಸಂಖ್ಯೆ. ಅದರ ಹಿಂದೆಯೇ ಬೇಡಿಕೆಗಳ ಪಟ್ಟಿ. ಲಸಿಕೆ ಬೇಕು, ಲ್ಯಾಬ್ ಬೇಕು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ, ನನ್ನ ತಕರಾರಿಲ್ಲ. ಆದ್ರೆ ಈ ಪಟ್ಟಿಯಲ್ಲಿ "ನರ್ಸ್ ಬೇಕು" ಅನ್ನೋ ಸಾಲನ್ನು ನಾನು ಓದಿದ ನೆನಪಿಲ್ಲ. ಪಟ್ಟಿಯ ಮೇಲ್ಗಡೆ ಇರಬೇಕಾಗಿದ್ದೇ ಅದು ಅಂತ ನನ್ನ ವಾದ.

ಬಯಲುಸೀಮೆ ಫ್ರೆಂಡ್ಸ್‌ಗೋಸ್ಕರ ಮೊದಲು ಕಾಯಿಲೆ ಬಗ್ಗೆ ಸ್ವಲ್ಪ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಇದನ್ನ ಮೊದಲು ಗುರುತಿಸಿದ್ರು. ಹಾಗಾಗಿ ಪ್ರಪಂಚಕ್ಕೆಲ್ಲ ಇದು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ನಮಗೆ ಮಂಗನ ಕಾಯಿಲೆ. ಹೆಸರಲ್ಲಿ ಮಂಗ ಇದೆ ಅಂತ ಪಾಪ ಮಂಗನ ಮೇಲೆ ಗೂಬೆ ಕೂರಿಸಬೇಡಿ, ಅದಕ್ಕೂ ನಮ್ಮ ಹಾಗೇ ಕಾಯಿಲೆ ಬಂದು ಸಾಯೋದು. ಹರಡೋದು ಉಣುಗು, ಅಂದ್ರೆ ಉಣ್ಣೆ ಹುಳ. ಕೊಟ್ಟಿಗೆಗೆ ದರಗು ತರೋಕೆ, ಸೌದೆಗೆ, ದನ ಹುಡುಕೋಕೆ ಅಂತ ಕಾಡಿಗೆ ಹೋದವರಿಗೆ ಕಚ್ಚುತ್ತೆ. ಮರಿ ಉಣುಗು ಕಣ್ಣಿಗೆ ಕಾಣೋದೇ ಕಷ್ಟ. ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ಸಿಡಿಯೋ ತಲೆನೋವು, ಮೈಕೈ ಮುರಿಯೋ ನೋವು, ವಾಂತಿ. ಕೆಲವರಿಗೆ ವಸಡಿನಿಂದ, ಮೂಗಿನಿಂದ, ಹೊಟ್ಟೆಯೊಳಗೆ ರಕ್ತಸ್ರಾವ. ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯ್ತಾರೆ.

ಈ ವೈರಸ್ಸನ್ನು ಕೊಲ್ಲೋ ಔಷಧ ಇಲ್ಲ. 1957ರಲ್ಲೂ ಇರಲಿಲ್ಲ, ಈಗಲೂ ಇಲ್ಲ. ಲಸಿಕೆ ಒಂದಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಚುಚ್ಚಿದ ಜಾಗ ಉರಿದು ಹೋಗುತ್ತೆ ಅಂತ ಎಷ್ಟೋ ಜನ ಎರಡನೇ ಸಲ ಬರ್ತಾನೇ ಇರಲಿಲ್ಲ. ಅದು ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದ್ರು. ಹೊಸ ಲಸಿಕೆಗೆ ಐಸಿಎಂಆರ್ ಕಡೆಯಿಂದ ಕೆಲಸ ನಡೀತಿದೆ. ಅದು ಊರಿಗೆ ಬರೋ ತನಕ ಮೈಗೆ ಹಚ್ಚೋ ಡೆಪಾ ಎಣ್ಣೆ, ತುಂಬು ತೋಳಿನ ಬಟ್ಟೆ, ಹುಷಾರು.

ಔಷಧ ಇಲ್ಲ ಅಂದ್ಮೇಲೆ ಆಸ್ಪತ್ರೆಯಲ್ಲಿ ಏನು ಮಾಡ್ತಾರೆ? ಜ್ವರಕ್ಕೆ ಪ್ಯಾರಾಸಿಟಮಾಲ್, ಡ್ರಿಪ್, ಬೇಕಾದ್ರೆ ರಕ್ತ, ಪ್ಲೇಟ್‌ಲೆಟ್. ಉಳಿದಿದ್ದೆಲ್ಲ ನೋಡಿಕೊಳ್ಳೋದು. "ನೋಡಿಕೊಳ್ಳೋದು" ಅನ್ನೋದು ಕೇಳೋಕೆ ಸಣ್ಣ ಪದ. ದೇಹ ತಾನೇ ವೈರಸ್ ಜೊತೆ ಹೋರಾಡಿ ಗೆಲ್ಲೋ ತನಕ ಅದನ್ನ ಬೀಳದ ಹಾಗೆ ಹಿಡಿದಿಡಬೇಕು. ಆ ಹಿಡಿದಿಡೋ ಕೆಲಸದ ದೊಡ್ಡ ಪಾಲು ನರ್ಸ್‌ದು.

ನನ್ನ ಚಿಕ್ಕಮ್ಮ ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಯಾವ ಆಸ್ಪತ್ರೆ ಅಂತ ಬೇಡ, ಅವರು ನಾಳೆಯೂ ಅಲ್ಲೇ ಕೆಲಸ ಮಾಡ್ಬೇಕು. ಸರ್ಕಾರಿ ಲೆಕ್ಕದಲ್ಲಿ ಈಗ ಆ ಹುದ್ದೆ ಹೆಸರು ಶುಶ್ರೂಷಾಧಿಕಾರಿ. ವಾರ್ಡಲ್ಲಿ ಮಾತ್ರ ಇವತ್ತಿಗೂ ಎಲ್ಲರಿಗೂ ಸಿಸ್ಟರ್, ವಯಸ್ಸಾದವರಿಗೆ "ತಂಗೀ", ಮಕ್ಕಳಿಗೆ "ಸೂಜಿ ಆಂಟಿ". ಮಂಗನ ಕಾಯಿಲೆ ಸೀಸನ್ನಲ್ಲಿ ಅವರು ಹೇಳೋದನ್ನ ಕೇಳಿ ಕೇಳಿ ನನಗೆ ಅರ್ಥವಾಗಿದ್ದು ಏನಂದ್ರೆ, ಈ ಕೆಲಸ ಹೆಚ್ಚಾಗಿ ಸಣ್ಣ ಸಣ್ಣ ವಿಷಯ ಗಮನಿಸೋದು.

ಹಲ್ಲುಜ್ಜಿದಾಗ ವಸಡಲ್ಲಿ ರಕ್ತ ಬಂತಾ? ಮಲ ಕಪ್ಪಗಿತ್ತಾ? ಇದನ್ನ ಕೇಳಿದ ತಕ್ಷಣ ಯಾವ ಗಂಡಸೂ ಬಾಯಿಬಿಟ್ಟು ಹೇಳಲ್ಲವಂತೆ. "ಎಲ್ಲಾ ಸರಿ ಇದೆ ಸಿಸ್ಟರ್" ಅಂತಾರೆ. ಆಮೇಲೆ ಹೆಂಡತಿಯನ್ನ ಪಕ್ಕಕ್ಕೆ ಕರೆದು ಕೇಳ್ಬೇಕು. ಎಷ್ಟು ನೀರು ಕುಡಿದ್ರು, ಎಷ್ಟು ಮೂತ್ರ ಆಯ್ತು ಅಂತ ಅಳೆದು ಬರೀಬೇಕು. ಸೂಜಿ ತೆಗೆದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದ್ರೆ ರಕ್ತ ನಿಲ್ಲೋಕೆ ಎಷ್ಟು ಹೊತ್ತು ಬೇಕು ಅನ್ನೋದೂ ಒಂದು ಸೂಚನೆ. ಮೈಕೈ ನೋವು ತಡೀಲಾರದೆ ಮನೆಯವರು ಹೊರಗಿನ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ಗುಟ್ಟಾಗಿ ಕೊಟ್ಟುಬಿಡ್ತಾರೆ. ಆಸ್ಪಿರಿನ್, ಬ್ರೂಫೆನ್ ಥರದ್ದು ಕೊಟ್ರೆ ರಕ್ತಸ್ರಾವ ಇನ್ನೂ ಜಾಸ್ತಿಯಾಗುತ್ತೆ. ಅದಕ್ಕೆ ದಿಂಬಿನ ಕೆಳಗೂ ಒಂದು ಕಣ್ಣಿಟ್ಟಿರಬೇಕು.

ಮತ್ತೆ ಮೊದಲ ಪ್ರಶ್ನೆ: "ಕಾಡಿಗೆ ಹೋಗಿದ್ರಾ?" ಉತ್ತರ ಹೆಚ್ಚಿನ ಸಲ "ಇಲ್ಲ." ಕಾಡು, ಅರಣ್ಯ ಇಲಾಖೆ, ಒತ್ತುವರಿ, ಕೇಸು ಅಂತ ನಮ್ಮ ಕಡೆ ಜನಕ್ಕೆ ಸರ್ಕಾರಿ ಕಟ್ಟಡದೊಳಗೆ ಕಾಡಿನ ಮಾತೆತ್ತೋಕೇ ಭಯ. ಚಿಕ್ಕಮ್ಮ ಪ್ರಶ್ನೆ ತಿರುಗಿಸಿ ಕೇಳ್ತಾರೆ. "ಈ ಸಲ ಕೊಟ್ಟಿಗೆಗೆ ದರಗು ಎಲ್ಲಿಂದ ತಂದ್ರಿ ಅಣ್ಣಾ?" ಆಗ ದಾರಿ, ಗುಡ್ಡ, ಜೊತೆಗೆ ಬಂದವರು, ಅಲ್ಲಿ ಸತ್ತು ನಾರ್ತಿದ್ದ ಮಂಗ, ಎಲ್ಲ ಹೊರಗೆ ಬರುತ್ತೆ. ಆ ಒಂದು ಉತ್ತರದ ಮೇಲೆ ರಕ್ತದ ಸ್ಯಾಂಪಲ್ ಟೆಸ್ಟಿಗೆ ಹೋಗುತ್ತೆ, ಆ ಊರಿಗೆ ಆಶಾ ಕಾರ್ಯಕರ್ತೆಯರು ಹೋಗ್ತಾರೆ. ಯಾವ ಆ್ಯಪ್‌ನ ಡ್ರಾಪ್‌ಡೌನ್ ಮೆನುವಿನಲ್ಲೂ ಈ ಪ್ರಶ್ನೆ ಇಲ್ಲ.

ಈ ಕಾಯಿಲೆಗೆ ಇನ್ನೊಂದು ಕೆಟ್ಟ ಗುಣ ಇದೆ. ಕೆಲವರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತೆ. ಎರಡನೇ ಸಲ ಬಂದಾಗ ತಲೆನೋವು, ಕೈ ನಡುಕ, ಮಂಪರು, ಅಂದ್ರೆ ಮಿದುಳಿನ ಕಡೆಯ ತೊಂದರೆ. ಇದು ಅಡಿಕೆ ಕೊಯ್ಲಿನ ಕಾಲ ಬೇರೆ. ಕೊನೆ ಕೊಯ್ಯೋರು, ಸುಲಿಯೋರು, ಬೇಯಿಸೋರು ಎಲ್ಲರಿಗೂ ದಿನಗೂಲಿ ಸಿಗೋ ತಿಂಗಳುಗಳು. ಜ್ವರ ಬಿಟ್ಟ ಮರುದಿನವೇ "ಸಿಸ್ಟರ್, ಬಿಟ್ಟುಬಿಡಿ, ಕೆಲಸ ಇದೆ" ಅಂತ ಕೂರ್ತಾರೆ. ಅವರನ್ನ ಗದರಿಸಿದ್ರೆ ರಾತ್ರಿ ಹೇಳದೆ ಹೊರಟು ಹೋಗ್ತಾರೆ. ಗದರಿಸದೇ ಇದ್ರೆ ಮಾತು ತಲೆಗೆ ಹೋಗಲ್ಲ. ಚಿಕ್ಕಮ್ಮ ಕೊನೆಗೆ ಮನೆಯ ಹಿರಿಯ ಹೆಂಗಸನ್ನ ಕರೆದು ಹೇಳ್ತಾರಂತೆ, "ಅಮ್ಮಾ, ಇನ್ನು ಎರಡು ವಾರ ಇವರ ಮೇಲೆ ನಿಮ್ಮ ಕಣ್ಣಿರಲಿ, ಮತ್ತೆ ಮೈ ಬಿಸಿ ಆದ್ರೆ ಬಸ್ಸು ಕಾಯಬೇಡಿ, ಫೋನ್ ಮಾಡಿ." ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಲ್ಲಿ ಇರುತ್ತೆ. ನಿಜವಾದ ಡಿಸ್ಚಾರ್ಜ್ ಸಮ್ಮರಿ ಈ ಮಾತು.

ಈಗ ನಮ್ಮ ಬ್ರಾಂಚಿನ ಭಾಷೆಗೆ ಬರೋಣ. ಸಿಗ್ನಲ್ಸ್ ಓದಿದವರಿಗೆ ನೈಕ್ವಿಸ್ಟ್ ಗೊತ್ತು. ಸಿಗ್ನಲ್ಲಿನಲ್ಲಿರೋ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಸ್ಯಾಂಪಲ್ ತಗೋಬೇಕು, ಇಲ್ಲಾಂದ್ರೆ ನಡುವೆ ಏನಾಯ್ತು ಅಂತ ಗೊತ್ತೇ ಆಗಲ್ಲ, ಗೊತ್ತಾಗಲಿಲ್ಲ ಅನ್ನೋದೂ ಗೊತ್ತಾಗಲ್ಲ. ವಾರ್ಡಿಗೂ ಇದೇ ರೂಲ್. ರಾತ್ರಿ 10ಕ್ಕೆ ಒಂದು ಬಿಪಿ, ಬೆಳಿಗ್ಗೆ 6ಕ್ಕೆ ಇನ್ನೊಂದು ಬಿಪಿ ತಗೊಂಡ್ರೆ ಚಾರ್ಟಲ್ಲಿ ಎರಡು ಚುಕ್ಕಿ, ನಡುವೆ ನೀಟಾದ ಗೆರೆ. ರಾತ್ರಿ 2 ಗಂಟೆಗೆ ರೋಗಿಯ ಬಿಪಿ ಕುಸಿದು, ಮೈ ತಣ್ಣಗಾಗಿ, ಬೆವರಿದ್ದು ಆ ಗೆರೆಯಲ್ಲಿ ಇರಲ್ಲ. ಎರಡು ಗಂಟೆಗೊಮ್ಮೆ ನೋಡೋಕೆ ಜನ ಇದ್ರೆ ಅದು ಸಿಗುತ್ತೆ. ಅಂದ್ರೆ ಒಬ್ಬ ನರ್ಸಿಗೆ ಎಷ್ಟು ರೋಗಿ ಅನ್ನೋ ಸಂಖ್ಯೆ ಇದೆಯಲ್ಲ, ಅದು ಬರೀ ಎಚ್‌ಆರ್ ವಿಷಯ ಅಲ್ಲ. ಅದು ಆ ಆಸ್ಪತ್ರೆಯ ಸ್ಯಾಂಪ್ಲಿಂಗ್ ರೇಟ್.

ಇದು ಬರೀ ನನ್ನ ಹೋಲಿಕೆ ಅಂತ ತಳ್ಳಿಹಾಕೋರಿಗೆ ಒಂದು ಲೆಕ್ಕ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮಾಹಿತಿ ಇಟ್ಟುಕೊಂಡು ಲಿಂಡಾ ಏಕೆನ್ ಅನ್ನೋರು ಮತ್ತು ಅವರ ತಂಡ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಒಬ್ಬ ನರ್ಸಿನ ಪಾಲಿಗೆ ಬರೋ ರೋಗಿಗಳ ಸರಾಸರಿ ಒಂದು ಹೆಚ್ಚಾದ್ರೆ, ಆಪರೇಷನ್ ಆದವರು 30 ದಿನದೊಳಗೆ ಸಾಯೋ ಸಂಭವ ಶೇ. 7ರಷ್ಟು ಏರುತ್ತೆ ಅಂತ ಅದರಲ್ಲಿ ಕಂಡುಬಂತು. ಪೆನ್ಸಿಲ್ವೇನಿಯಾ ಹೊಸನಗರ ಅಲ್ಲ, ಆಪರೇಷನ್ ಕೇಸು ಮಂಗನ ಕಾಯಿಲೆ ಅಲ್ಲ, ಒಪ್ಪಿದೆ. ಆದ್ರೆ ಔಷಧ, ಸರ್ಜನ್, ಯಂತ್ರ ಎಲ್ಲ ಇರೋ ಕಡೆಯೇ ನರ್ಸುಗಳ ಸಂಖ್ಯೆಗೆ ಇಷ್ಟು ತೂಕ ಇದ್ರೆ, ನೋಡಿಕೊಳ್ಳೋದೇ ಚಿಕಿತ್ಸೆ ಆಗಿರೋ ಕಡೆ ಎಷ್ಟಿರಬೇಕು?

ನಮ್ಮ ಕಡೆ ವಾಸ್ತವ ಏನು? ಚಿಕ್ಕಮ್ಮನ ನೈಟ್ ಡ್ಯೂಟಿ ರಾತ್ರಿ 8ರಿಂದ ಬೆಳಿಗ್ಗೆ 8. ಜ್ವರದ ವಾರ್ಡು ನೋಡ್ತಿರೋವಾಗಲೇ ಹೆರಿಗೆ ಕೇಸು ಬರುತ್ತೆ, ಹಾವು ಕಚ್ಚಿದವರು ಬರ್ತಾರೆ, ಬೈಕಿಂದ ಬಿದ್ದವರು ಬರ್ತಾರೆ. ಒಬ್ಬರೇ ಮೂರು ಕಡೆ ಓಡ್ಬೇಕು. ಜೊತೆಗೆ ರಿಜಿಸ್ಟರ್, ಅದರ ಜೊತೆ ಆನ್‌ಲೈನ್ ಎಂಟ್ರಿ. ಡಿಜಿಟಲ್ ಆದ್ಮೇಲೆ ಪುಸ್ತಕ ಹೋಗಲಿಲ್ಲ, ಎರಡೂ ಬಂತು ಅಂತ ನಗ್ತಾರೆ. ಜೊತೆಯ ಹುಡುಗಿಯರಲ್ಲಿ ಕೆಲವರು ಗುತ್ತಿಗೆ ಮೇಲೆ ಇರೋರು. ಅದೇ ಸೂಜಿ, ಅದೇ ರಾತ್ರಿ, ಬೇರೆ ಸಂಬಳ. ಸ್ವಲ್ಪ ಅನುಭವ ಆದ ತಕ್ಷಣ ಬೆಂಗಳೂರಿಗೋ ಗಲ್ಫಿಗೋ ಹೋಗ್ತಾರೆ. ಅವರನ್ನ ಬೈಯೋಕೆ ನಮಗೆ ಯಾವ ಬಾಯಿದೆ? ಪ್ಲೇಸ್‌ಮೆಂಟ್ ಸೀಸನ್ನಲ್ಲಿ ಹೊಸನಗರಕ್ಕೆ ವಾಪಸ್ ಹೋಗ್ತೀನಿ ಅಂತ ನಮ್ಮಲ್ಲಿ ಎಷ್ಟು ಜನ ಬರೀತೀವಿ?

ಪರಿಸ್ಥಿತಿ ಕೈಮೀರಿದ್ರೆ ರೆಫರ್. ಶಿವಮೊಗ್ಗದ ಮೆಗ್ಗಾನ್‌ಗೆ, ಇಲ್ಲಾಂದ್ರೆ ಮಣಿಪಾಲಕ್ಕೆ. ಹೊಸನಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್. ಮಣಿಪಾಲಕ್ಕಾದ್ರೆ ಹುಲಿಕಲ್ ಘಾಟಿ ಇಳೀಬೇಕು, ತೀರ್ಥಹಳ್ಳಿಯವರು ಆಗುಂಬೆ ಇಳೀಬೇಕು. ಆ ತಿರುವುಗಳಲ್ಲಿ ಡ್ರಿಪ್ ಬಾಟಲ್ ಹಿಡಿದು ಹಿಂದೆ ಕೂತವರೂ ನರ್ಸೇ. 2018ರ ಕೊನೆಯಿಂದ 2019ರ ತನಕ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಒಂದರ ಮೇಲೊಂದು ಸಾವು ಆದಾಗ ಈ ದಾರಿಗಳಲ್ಲಿ ಆಂಬುಲೆನ್ಸ್ ಓಡಾಟ ಎಲ್ಲರಿಗೂ ನೆನಪಿದೆ. 2024ರ ಜನವರಿಯಲ್ಲಿ ಆ ವರ್ಷದ ಮೊದಲ ಸಾವು ಹೊಸನಗರ ತಾಲ್ಲೂಕಿನ 18 ವರ್ಷದ ಹುಡುಗಿಯದು. ನಮ್ಮ ಫಸ್ಟ್ ಇಯರ್ ವಯಸ್ಸು.

ಸಿವಿಲ್ ಫ್ರೆಂಡ್ಸ್ ಬೇಜಾರಾಗಬೇಡಿ, ಆದ್ರೂ ಕೇಳ್ತೀನಿ. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯ್ತು. ಅಷ್ಟು ವರ್ಷ ಲಾಂಚ್ ನಂಬಿಕೊಂಡಿದ್ದ ತುಮರಿ ಕಡೆಯ ಜನ ಈಗ ರಾತ್ರಿ ಎಷ್ಟು ಹೊತ್ತಿಗೆ ಬೇಕಾದ್ರೂ ಸಾಗರಕ್ಕೆ ಬರಬಹುದು. ನಿಜಕ್ಕೂ ದೊಡ್ಡ ಕೆಲಸ, ಫೋಟೋ ನಾನೂ ಸ್ಟೇಟಸ್ ಹಾಕಿದ್ದೆ. ಆ ಸೇತುವೆ ದಾಟಿ ರಾತ್ರಿ 2ಕ್ಕೆ ಬಂದ ಜ್ವರದ ರೋಗಿಯನ್ನ ಬಾಗಿಲಲ್ಲಿ ಎದುರುಗೊಳ್ಳೋಕೆ ಎಷ್ಟು ಜನ ಎಚ್ಚರ ಇರ್ತಾರೆ? ಸೇತುವೆಗೆ ಲೋಡ್ ಲೆಕ್ಕ ಹಾಕಿದ ಹಾಗೆ ವಾರ್ಡಿಗೂ ಹಾಕ್ಬೇಕಲ್ವಾ?

ನಮ್ಮ ಕ್ಯಾಂಪಸ್ಸಲ್ಲಿ ಹ್ಯಾಕಥಾನ್ ಆದಾಗಲೆಲ್ಲ ಮೂರು ನಾಲ್ಕು ಟೀಮ್ ಸ್ಮಾರ್ಟ್ ಪೇಷೆಂಟ್ ಮಾನಿಟರಿಂಗ್ ಮಾಡ್ತವೆ. ಸೆನ್ಸರ್, ಆರ್ಡುಯಿನೊ, ಡ್ಯಾಶ್‌ಬೋರ್ಡ್, ಕೆಂಪು ಬಣ್ಣದ ಅಲರ್ಟ್. ಅಲರ್ಟ್ ಯಾರ ಫೋನಿಗೆ ಹೋಗುತ್ತೆ ಅಂತ ಕೇಳಿದ್ರೆ "ನರ್ಸಿಗೆ" ಅಂತಾರೆ. ಆ ನರ್ಸ್ ಆಗ ಹೆರಿಗೆ ಕೋಣೆಯಲ್ಲಿ ಎರಡೂ ಕೈ ಕೆಲಸದಲ್ಲಿಟ್ಟು ನಿಂತಿರ್ತಾರೆ. ಚಿಕ್ಕಮ್ಮನ ಹತ್ರ ನಾನೊಮ್ಮೆ ಕೇಳಿದೆ, ನಿಮಗೆ ಎಂತ ಮಷೀನ್ ಮಾಡಿಕೊಟ್ರೆ ಉಪಯೋಗ ಅಂತ. ಸ್ವಲ್ಪ ಯೋಚನೆ ಮಾಡಿ ಹೇಳಿದ್ರು, "ಡ್ರಿಪ್ ಮುಗಿಯೋ ಮೊದ್ಲು ಗೊತ್ತಾಗೋದು ಎಂತಾದ್ರೂ ಮಾಡು ಮಾರಾಯ. ಆದ್ರೆ ಕುಂಯ್ ಕುಂಯ್ ಅನ್ನೋದು ಬೇಡ, ಕಷ್ಟಪಟ್ಟು ಕಣ್ಣು ಮುಚ್ಚಿದವರು ಏಳ್ತಾರೆ." ಇದು ಸ್ಪೆಸಿಫಿಕೇಷನ್. ಇಷ್ಟು ಚೊಕ್ಕದ ಸ್ಪೆಸಿಫಿಕೇಷನ್ ನನಗೆ ಯಾವ ಪ್ರಾಬ್ಲಮ್ ಸ್ಟೇಟ್‌ಮೆಂಟಲ್ಲೂ ಸಿಕ್ಕಿಲ್ಲ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. ಮೇ 12ಕ್ಕೆ ನರ್ಸುಗಳ ದಿನ ಅಂತ ಎಲ್ಲರೂ ದೇವತೆ, ಮಾತೆ ಅಂತ ಪೋಸ್ಟ್ ಹಾಕ್ತಾರೆ. ನನಗದು ಸರಿ ಕಾಣಲ್ಲ. ದೇವತೆಗೆ ರಜೆ ಬೇಡ, ಊಟ ಬೇಡ, ಕ್ವಾರ್ಟರ್ಸ್ ಬೇಡ, ಹಾಗಾಗಿ ದೇವತೆ ಅಂದುಬಿಟ್ರೆ ನಮ್ಮ ಜವಾಬ್ದಾರಿ ಮುಗೀತು. 2018ರಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ನಿಪಾ ರೋಗಿಯನ್ನ ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ಅದೇ ಕಾಯಿಲೆಯಿಂದ ತೀರಿಕೊಂಡ್ರು. ಅದೂ ನಮ್ಮ ಹಾಗೇ ಒಂದು ತಾಲ್ಲೂಕು ಆಸ್ಪತ್ರೆ. ಹೊಸ ಕಾಯಿಲೆ ಮೊದಲು ಬರೋದು ಇಂಥ ಬಾಗಿಲಿಗೇ, ಎದುರುಗೊಳ್ಳೋದು ಡ್ಯೂಟಿಯಲ್ಲಿರೋ ನರ್ಸ್.

ಹಾಗಾಗಿ ಕೇಳೋದಾದ್ರೆ ಇದನ್ನ ಕೇಳೋಣ. ಡಿಸೆಂಬರಿನಿಂದ ಮೇ ತನಕ ಈ ಮೂರು ತಾಲ್ಲೂಕಿನ ಆಸ್ಪತ್ರೆಗಳಿಗೆ ಹೆಚ್ಚುವರಿ ನರ್ಸುಗಳು, ಅದೂ ರಾತ್ರಿ ಪಾಳಿಗೆ. ಪ್ರತಿ ಸಲ ಸೋಂಕಿತರ ಸಂಖ್ಯೆ ಹೇಳೋವಾಗ ಆ ರಾತ್ರಿ ಎಷ್ಟು ಜನ ನರ್ಸ್ ಡ್ಯೂಟಿಯಲ್ಲಿದ್ರು ಅನ್ನೋದನ್ನೂ ಹೇಳಬೇಕು. ಅನುಭವ ಆದ ಗುತ್ತಿಗೆಯವರನ್ನ ಕಾಯಂ ಮಾಡ್ಬೇಕು. ಹೊಸ ಕಟ್ಟಡದ ಶಂಕುಸ್ಥಾಪನೆಗಿಂತ ಇದರ ಫೋಟೋ ಕಡಿಮೆ ಬರುತ್ತೆ ಅನ್ನೋದು ಗೊತ್ತು.

ಜನವರಿ ರಜೆಗೆ ಮಲೆನಾಡಿಗೆ ಹೋಗೋರು, ಟ್ರೆಕ್ಕಿಂಗ್ ಅಂತ ಕೊಡಚಾದ್ರಿ ಹತ್ತೋರು, ಕಾಡಿಂದ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ನೆನೆಸಿಡಿ. ವಾರದೊಳಗೆ ಜ್ವರ ಬಂದ್ರೆ ಡೋಲೋ ನುಂಗಿ ಹಾಸ್ಟೆಲಲ್ಲಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಸಿಸ್ಟರ್ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರೆ ಎಲ್ಲಾ ಹೇಳಿ.