ಆ ಚೀಟಿ ಕೊಡಿ

ಬೇಮಳಖೇಡದ ತೊಗರಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆದ ಮೊಣಕಾಲು ಒಂದು ದಿನ ಬಾತು ನಿಲ್ಲುತ್ತದೆ. ಮೊದಲು ಎಣ್ಣೆ, ಆಮೇಲೆ ಹುಮನಾಬಾದಿನ ಗುಳಿಗೆ, ಬೀದರಿನ ಸೂಜಿ, ಕೊನೆಗೆ ಹೈದರಾಬಾದಿನ ಬಸ್ಸು.

ಸಂಧಿವಾತದಿಂದ ಕೀಲಿನ ಒಳಪೊರೆ ಬಾತವರಿಗೆ, ಹಿಮೋಫಿಲಿಯಾ ಇರುವ ಮಕ್ಕಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೊಂದು ಸೂಜಿಯಿದೆ. ಯಿಟ್ರಿಯಂ-90ನಂಥ ವಿಕಿರಣ ವಸ್ತುವನ್ನು ಕೀಲಿನೊಳಕ್ಕೇ ಚುಚ್ಚಿ ಬಾತ ಪೊರೆಯನ್ನು ಸುಡುತ್ತಾರೆ. ಕಿರಣ ಕೆಲವೇ ಮಿಲಿಮೀಟರ್ ಹೋಗುತ್ತದೆ, 64 ಗಂಟೆಗೆ ಅದರ ಕಸುವು ಅರ್ಧ. ಎಷ್ಟೋ ಜನರ ನೋವು ಇಳಿದಿದೆ. ನನ್ನ ತಕರಾರು ಸೂಜಿಯ ಮೇಲಲ್ಲ. ಸೂಜಿ ಹಾಕಿ ಮನುಷ್ಯನನ್ನು ಮರೆಯುತ್ತೇವಲ್ಲ, ಅದರ ಮೇಲೆ.

ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಮೂಳೆಕ್ಷಯಕ್ಕೂ ಬೆನ್ನಿನ ಕೀಲು ಬಿಗಿಯುವ ಕಾಯಿಲೆಗೂ ರೇಡಿಯಂ-224 ಅನ್ನು ರಕ್ತಕ್ಕೇ ಕೊಟ್ಟರು. ಮಕ್ಕಳಿಗೂ! ಹೈಂಜ್ ಸ್ಪೀಸ್ ಎಂಬ ವೈದ್ಯರು ಅಂಥ ಸುಮಾರು 900 ಜನರ ಪಟ್ಟಿ ಹಿಡಿದು ದಶಕಗಟ್ಟಲೆ ಬೆನ್ನು ಹತ್ತಿದರು. 50ಕ್ಕೂ ಹೆಚ್ಚು ಜನರಲ್ಲಿ ಮೂಳೆಯ ಕ್ಯಾನ್ಸರ್ ಕಂಡಿತು. ಅಷ್ಟು ಜನರಲ್ಲಿ ಒಂದು ಕಂಡಿದ್ದರೂ ಹೆಚ್ಚೇ. ರಕ್ತಕ್ಕೆ ಬಿಟ್ಟ ರೇಡಿಯಂ ಬೇರೆ, ಕೀಲಿಗೆ ಕೊಡುವ ಯಿಟ್ರಿಯಂ ಬೇರೆ, ಒಪ್ಪುತ್ತೇನೆ. ಫಿನ್ಲೆಂಡಿನವರು ಯಿಟ್ರಿಯಂ ಪಡೆದ 143 ಸಂಧಿವಾತ ರೋಗಿಗಳ ಹೆಸರನ್ನು ಕ್ಯಾನ್ಸರ್ ನೋಂದಣಿಯೊಂದಿಗೆ ತಾಳೆ ನೋಡಿದರು. 2003ರ ಅವರ ವರದಿಯಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಅದರ ಹಿಂದಿನ ವರ್ಷವಷ್ಟೇ, ಕೀಲಿಗೆ ರಂಜಕ-32 ಎಂಬ ಇನ್ನೊಂದು ವಿಕಿರಣ ವಸ್ತು ಪಡೆದ ಇಬ್ಬರು ಹಿಮೋಫಿಲಿಯಾ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದ ವರದಿಯಿತ್ತು. ಸೂಜಿಯೇ ಕಾರಣವೆಂದು ಸಾಬೀತಾಗಲಿಲ್ಲ, ಅಲ್ಲವೆಂದೂ ಆಗಲಿಲ್ಲ. ಹೆದರಿಕೆ ಹುಟ್ಟಿದ್ದೂ ಸಮಾಧಾನ ಸಿಕ್ಕಿದ್ದೂ ಯಾರೋ ಹೆಸರು ಬರೆದಿಟ್ಟದ್ದರಿಂದ.

ನಮ್ಮವರ ಹೆಸರು ಎಲ್ಲಿ ಬರೆದಿದೆ? ಇಂದು ತೆಲಂಗಾಣದಲ್ಲಿ ಸೂಜಿ, ಇಪ್ಪತ್ತು ವರ್ಷದ ಮೇಲೆ ಕಲಬುರಗಿಯಲ್ಲಿ ಗಡ್ಡೆ. ಎರಡನ್ನೂ ಜೋಡಿಸಿ ನೋಡುವವರು ಯಾರು? ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ಆ ಊರಿನ ಕ್ಯಾನ್ಸರ್ ಲೆಕ್ಕ ಇಡುತ್ತ ಬಂದಿದೆ. ಲೆಕ್ಕ ಇಡುವುದು ನಮಗೆ ಬಾರದ ವಿದ್ಯೆಯೇನಲ್ಲ.

ಡಾಕ್ಟರ್ ಸಾಹೇಬರೇ, ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಮುಂಚೆ ಕನ್ನಡದಲ್ಲೋ ಉರ್ದುವಿನಲ್ಲೋ ಕೂತು ಹೇಳಿ. ಎಳೆಯ ಮಕ್ಕಳ ಕೀಲಾದರೆ ಇನ್ನೊಂದು ಸಲ ಯೋಚಿಸಿ. ಬಸುರಿಯಾದರೆ ಬೇಡವೇ ಬೇಡ. ಸರಕಾರದವರೇ, ಈ ಸೂಜಿ ಪಡೆದ ಪ್ರತಿಯೊಬ್ಬರನ್ನೂ ಕ್ಯಾನ್ಸರ್ ನೋಂದಣಿಗೆ ಜೋಡಿಸಿ, ರಾಜ್ಯದ ಗಡಿ ಅಡ್ಡ ಬಾರದ ಹಾಗೆ.

ಅಕ್ಕಾ, ಅಣ್ಣಾ, ನೀವೂ ಬಾಯಿಬಿಟ್ಟು ಕೇಳಿ: ಯಾವ ವಸ್ತು, ಎಷ್ಟು, ಯಾವ ತಾರೀಖು, ಯಾವ ಕಾಲು? ಬರೆಸಿಕೊಂಡೇ ಬಸ್ಸು ಹತ್ತಿ. ಪಹಣಿ ಇಟ್ಟ ಟ್ರಂಕಿನಲ್ಲಿ ಆ ಚೀಟಿಯೂ ಇರಲಿ.