ಮಾತು ಕೇಳದ ಕೈ



ಈ ಸಲ ಪರೀಕ್ಷೆ, ಉದ್ಯೋಗಗಳ ಮಾತು ಬೇಡ. ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದು ವಿಷಯ ಹೇಳುತ್ತೇನೆ.

ನಾನೂ ನಿಮ್ಮಂತೆ ನಾಚಾರಂನಲ್ಲಿ ಬೆಳೆದವಳು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ಎಂಟನೇ ತರಗತಿಯಲ್ಲಿದ್ದಾಗ, ಓದಲು ಕುಳಿತರೆ ಬೆರಳು ತಾನಾಗಿ ನೆತ್ತಿಗೆ ಹೋಗುತ್ತಿತ್ತು. ಒರಟು ಕೂದಲೊಂದನ್ನು ಹುಡುಕಿ ಕಿತ್ತರೆ ಕ್ಷಣಕಾಲ ಹಾಯೆನಿಸುವುದು, ಮರುಕ್ಷಣ ನಾಚಿಕೆ. ನೆತ್ತಿಯಲ್ಲಿ ರೂಪಾಯಿಯಗಲ ಬೋಳಾಯಿತು. ಪಕ್ಕದ ಮನೆಯ ತೆಲುಗಿನ ಆಂಟಿ ‘ಪೇನುಕೊರುಕುಡು’, ಅಂದರೆ ಹೇನು ಕಡಿದದ್ದು, ಎಂದರು. ಅಮ್ಮ ಎಣ್ಣೆ ಬದಲಾಯಿಸಿದರು. ಕೀಳುವವಳು ನಾನೇ ಎಂದು ತಿಳಿದ ದಿನ ಬೈಗುಳ, ಆಣೆ, ಅಳು ಎಲ್ಲವೂ ಆಯಿತು. ಆ ರಾತ್ರಿ ಇನ್ನೂ ಹೆಚ್ಚು ಕಿತ್ತೆ. ಯುಗಾದಿಯ ಸಮೂಹಗಾನಕ್ಕೆ ಹೋಗಲಿಲ್ಲ. ಕೇಳಿದವರಿಗೆ ಗಂಟಲುನೋವು ಎಂದೆ.

ಇದಕ್ಕೊಂದು ಹೆಸರಿದೆ ಎಂದು ತಿಳಿದದ್ದು ಕಾಲೇಜಿನಲ್ಲಿದ್ದಾಗ, ಒಬ್ಬ ಮನೋವೈದ್ಯರಿಂದ. 1889ರಲ್ಲಿಯೇ ಫ್ರಾನ್ಸಿನ ಚರ್ಮವೈದ್ಯ ಅಲೊಪೊ ಇದನ್ನು ಟ್ರಿಕೊಟಿಲೊಮೇನಿಯ ಎಂದು ಕರೆದಿದ್ದರು. ಮೊಡವೆ, ಗಾಯದ ಹಕ್ಕಳೆ, ಉಗುರಿನ ಸುತ್ತಲಿನ ಚರ್ಮವನ್ನು ಬಿಡದೆ ಕೀಳುವುದು ಇದರ ಒಡಹುಟ್ಟು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಎರಡನ್ನೂ ಗೀಳುಕಾಯಿಲೆಯ ಗುಂಪಿನಲ್ಲಿಟ್ಟಿತು. ನೂರಕ್ಕೆ ಒಬ್ಬಿಬ್ಬರಿಗೆ ಕೂದಲು ಕೀಳುವ ಗೀಳಿದೆ ಎಂದು ಅಂದಾಜು.

ಶ್ರವಣಬೆಳಗೊಳಕ್ಕೆ ಹೋದವರು ದಿಗಂಬರ ಮುನಿಗಳ ಕೇಶಲೋಚನದ ಬಗ್ಗೆ ಕೇಳಿರಬಹುದು. ಅಲ್ಲಿ ಸಂಕಲ್ಪ ಕೈಯನ್ನು ನಡೆಸುತ್ತದೆ. ಇಲ್ಲಿ ಕೈ ಸಂಕಲ್ಪದ ಮಾತು ಕೇಳುವುದಿಲ್ಲ. ಆದ್ದರಿಂದಲೇ ‘ಮನಸ್ಸು ಗಟ್ಟಿಮಾಡಿಕೋ’ ಎಂಬ ಬುದ್ಧಿಮಾತು ಸಾಲದು.

ಹಾಗಾದರೆ ದಾರಿ? 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ತರಬೇತಿ ಇಂದಿಗೂ ಬಳಕೆಯಲ್ಲಿದೆ. ಮೊದಲು, ಕೈ ಯಾವಾಗ ಮೇಲೇಳುತ್ತದೆಂದು ಬರೆದಿಡಿ: ಓದುವಾಗಲೋ, ಕನ್ನಡಿಯ ಮುಂದೋ, ಫೋನ್ ನೋಡುವಾಗಲೋ. ತುಡಿತ ಬಂದೊಡನೆ ಮುಷ್ಟಿ ಬಿಗಿಹಿಡಿದು ಒಂದೆರಡು ನಿಮಿಷ ಹಾಗೆಯೇ ಇರಿ. ಜೊತೆಗೆ, ಕೈಗೆ ಅಡ್ಡಿಯೊಡ್ಡಿ: ಬೆರಳ ತುದಿಗೆ ಬ್ಯಾಂಡೇಜು, ಓದುವಾಗ ತಲೆಗೊಂದು ವಸ್ತ್ರ. ಕಲಿಸುವವರಿದ್ದರೆ ಇದು ಬೇಗ ಕೈಗೂಡುತ್ತದೆ. ನನ್ನದು ಪೂರ್ತಿ ಹೋಗಿಲ್ಲ. ಮಾರ್ಚಿ ತಿಂಗಳ ಲೆಕ್ಕಪತ್ರದ ಒತ್ತಡದಲ್ಲಿ ಕೈ ಈಗಲೂ ಏಳುತ್ತದೆ. ಇಳಿಸಲು ಕಲಿತಿದ್ದೇನೆ.

ಕಿತ್ತ ಕೂದಲನ್ನು ನುಂಗುವವರು ಮಾತ್ರ ತಡಮಾಡದೆ ವೈದ್ಯರಿಗೆ ಹೇಳಬೇಕು. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

‘ಎರ್ರಗಡ್ಡ’ ಎಂದೊಡನೆ ನಗುವ ಊರು ನಮ್ಮದು. ಆದರೆ ಅಲ್ಲಿರುವುದು ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ, ನಮ್ಮ ನಿಮ್ಮಂಥವರಿಗಾಗಿಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳುಕಾಯಿಲೆಗೆ ಪ್ರತ್ಯೇಕ ಕ್ಲಿನಿಕ್ಕೇ ಇದೆ. ಮನೆಯಿಂದಲೇ ಮಾತಾಡಬೇಕಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ: 14416, ಹಗಲಿರುಳು, ಉಚಿತ.

ಅಣ್ಣ, ತಂಗಿ, ಗೆಳತಿ ಯಾರಿಗಾದರೂ ಈ ತೊಂದರೆಯಿದ್ದರೆ, ಎಲ್ಲರೆದುರು ‘ಕೈ ತೆಗೆ’ ಎನ್ನಬೇಡಿ. ಒಬ್ಬರೇ ಇದ್ದಾಗ ಪಕ್ಕದಲ್ಲಿ ಕುಳಿತು ಕೇಳಿ.

ಮುಂದಿನ ಯುಗಾದಿಯ ಸಮೂಹಗಾನಕ್ಕೆ ತಲೆಗೆ ವಸ್ತ್ರ ಕಟ್ಟಿಕೊಂಡಾದರೂ ಸರಿ, ಬನ್ನಿ. ಗಂಟಲುನೋವಿನ ನೆಪ ಬೇಡ. ಸಾಲಿನಲ್ಲಿ ನನ್ನ ಪಕ್ಕ ನಿಂತುಕೊಳ್ಳಿ.